ನೆಲಮನೆಗೆ ಬಂದ ಗಂಗವ್ವ

ನಮ್ಮ ಬೆಟಗೇರಿಯಲ್ಲಿ ನಲ್ಲಿಗೆ ನೀರು ಬರುವುದು ವಾರಕ್ಕೊಮ್ಮೆ. ಮನಸ್ಸಿಲ್ಲದಿದ್ದರೆ ಎರಡು ವಾರಕ್ಕೊಮ್ಮೆ. ನೀರು ಬಂತೆಂದರೆ ಓಣಿಯಲ್ಲಿ ಹಬ್ಬ. ಕೊಡ, ಬಕೆಟ್ಟು, ಡ್ರಮ್ಮು, ಹಂಡೆ, ಕೊನೆಗೆ ಚಹಾದ ಪಾತ್ರೆಗಳೂ ತುಂಬಿ ಸಾಲಾಗಿ ನಿಲ್ಲುತ್ತವೆ. ಆ ಹೊತ್ತಿಗೆ ನೆಂಟರು ಬಂದರೆ ಕುಳಿತುಕೊಳ್ಳಿ ಎನ್ನುವವರಿಲ್ಲ. ಕೈಗೊಂದು ಕೊಡ ಕೊಟ್ಟು ಕೆಲಸಕ್ಕೆ ಹಚ್ಚುತ್ತೇವೆ. ಇಂಥ ಊರಿನಲ್ಲಿದ್ದುಕೊಂಡು "ನಮ್ಮ ಮನೆಯಲ್ಲಿ ತೇವ ಹೆಚ್ಚಾಗಿದೆ" ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಹಸಿದವರ ಮುಂದೆ ಕುಳಿತು ಅಜೀರ್ಣದ ಕಷ್ಟ ಹೇಳಿಕೊಂಡ ಹಾಗೆ. ಆದರೂ ನಾನು ಹೇಳಿಕೊಂಡೆ. ಒಂದು ಮಳೆಗಾಲ ಪೂರ್ತಿ ಹೇಳಿಕೊಂಡೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮದು ನೇಕಾರರ ಹಳೆಯ ಮನೆ. ಮಗ್ಗದ ಸದ್ದು ನಿಂತು ಬಹಳ ವರ್ಷಗಳಾದವು, ಆದರೆ ನಡುಮನೆಯ ಕೆಳಗೆ ನನ್ನ ಯಜಮಾನರ ಅಜ್ಜ ತೆಗೆಸಿದ ನೆಲಮನೆ ಇನ್ನೂ ಇದೆ. ನೂಲು ಬಿಸಿಲಿಗೆ ಒಣಗಿದರೆ ಮಗ್ಗದ ಮೇಲೆ ಪಟಪಟ ಹರಿಯುತ್ತದೆ, ತಂಪಿನಲ್ಲಿದ್ದರೆ ಹೇಳಿದ ಮಾತು ಕೇಳುತ್ತದೆ. ಅದಕ್ಕಾಗಿ ಮಾಡಿದ ಕೋಣೆ ಅದು. ಕಲ್ಲಿನ ಗೋಡೆ, ಕಲ್ಲಿನ ಮೆಟ್ಟಿಲು, ಬೀದಿಯ ಕಡೆಗೆ ಅಂಗೈಯಗಲದ ಒಂದು ಕಿಂಡಿ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅದು ಬೇಸಿಗೆಯ ಸ್ವರ್ಗ. ಹೊರಗೆ ನೆಲ ಕಾದ ಹಂಚಾಗಿದ್ದಾಗ ಇಡೀ ಮನೆಯವರು ಕೆಳಗಿಳಿದು ಚಾಪೆ ಹಾಸಿ ಬಿದ್ದುಕೊಳ್ಳುತ್ತಿದ್ದೆವು. ಉಳಿದ ಕಾಲದಲ್ಲಿ ಅಲ್ಲಿ ಇರುತ್ತಿದ್ದುದು ನನ್ನ ಟ್ರಂಕು.

ಆ ಟ್ರಂಕಿನಲ್ಲಿ ನನ್ನ ಅವ್ವನ ಸೀರೆಗಳಿದ್ದವು. ಅವ್ವ ಶಿಗ್ಲಿಯಲ್ಲಿ ಬಾಳಿದವಳು. ಹೊಲಕ್ಕೆ ಒಂದು, ಮನೆಗೆ ಒಂದು, ಲಕ್ಷ್ಮೇಶ್ವರದ ಸಂತೆಗೆ ಒಂದು ಎಂದು ಉಟ್ಟು ಉಟ್ಟು ಬೆಣ್ಣೆಯಂತಾದ ನೂಲಿನ ಇಳಕಲ್ ಸೀರೆಗಳು. ತೀರಿಕೊಳ್ಳುವ ಮುಂಚೆ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದ್ದಳು.

"ನಿನ್ನ ಮಗಳ ಕೂಸಿಗೆ ನನ್ನ ಸೀರಿಲೇ ಕೌದಿ ಹೊಲಿಯವ್ವ. ಪ್ಯಾಟಿ ಅರಿವಿ ತರಬ್ಯಾಡ, ಕೂಸಿನ ಮೈಗೆ ಚುಚ್ಚತೈತಿ."

ಆಗ ಮಗಳಿಗೆ ಮದುವೆಯೂ ಆಗಿರಲಿಲ್ಲ. ಆಮೇಲೆ ಮುಂಡರಗಿಗೆ ಕೊಟ್ಟೆವು. ಹೋದ ವರ್ಷ ಕಾರಹುಣ್ಣಿಮೆಯ ಸುಮಾರಿಗೆ ಅವಳು ಫೋನ್ ಮಾಡಿ, ನಕ್ಕು, ನಾಚಿ, ಅಂತೂ ಸುದ್ದಿ ಹೇಳಿದಾಗ ನಾನು ಫೋನಿಟ್ಟು ಮೊದಲು ಮಾಡಿದ ಕೆಲಸವೆಂದರೆ ಕತ್ತರಿ ಹಿಡಿದು ನೆಲಮನೆಗೆ ಇಳಿದದ್ದು. ಚೊಚ್ಚಲ ಹೆರಿಗೆ ತವರಿನಲ್ಲಿ. ಮಗಳು ಬರುವುದರೊಳಗೆ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮುಗಿಸಿರಬೇಕು.

ಮೂರನೇ ಮೆಟ್ಟಿಲಿಗೇ ನನ್ನ ಮೂಗು ನಿಂತಿತು. ಈ ಮೂಗಿನ ವಿಷಯ ಸ್ವಲ್ಪ ಹೇಳಬೇಕು. ಹಿಂದಿನ ಓಣಿಯಲ್ಲಿ ಸಾರಿಗೆ ಇಂಗು ಹೆಚ್ಚಾದರೆ ನನಗೆ ಇಲ್ಲಿ ಗೊತ್ತಾಗುತ್ತದೆ. ಯಜಮಾನರು ಅಂಗಡಿಯಿಂದ ಬರುತ್ತ ದಾರಿಯಲ್ಲಿ ಮಿರ್ಚಿ ಭಜಿ ತಿಂದು ಬಾಯಿ ಒರೆಸಿಕೊಂಡು ಬಂದರೂ ಹೊಸ್ತಿಲಲ್ಲೇ ಸಿಕ್ಕಿಬೀಳುತ್ತಾರೆ. ಅದಕ್ಕೇ ನಮ್ಮ ಮನೆಯಲ್ಲಿ ನನ್ನ ಮೂಗಿನ ಮೇಲೆ ಎಲ್ಲರಿಗೂ ಸಿಟ್ಟು. ಆ ದಿನ ಮೂಗಿಗೆ ಬಡಿದದ್ದು ಮುಗ್ಗಿದ ವಾಸನೆ: ಹಳೆಯ ಗೋಣಿಚೀಲ, ಹಳಸಿದ ರೊಟ್ಟಿ, ಒದ್ದೆ ನಾಯಿ ಮೂರೂ ಕೂಡಿ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ಹಾಗೆ.

ಟ್ರಂಕು ತೆಗೆದೆ. ಸೀರೆಗಳ ಮಡಿಕೆಗಳ ಮೇಲೆಲ್ಲ ಬಿಳಿಯ ಬೂಷ್ಟು, ಅದರ ಕೆಳಗೆ ಎಳ್ಳು ಚೆಲ್ಲಿದಂತೆ ಕರಿ ಚುಕ್ಕೆ. ಅವ್ವನ ಸೀರೆಗೆ ಕುಸುಬಿ ಎಣ್ಣೆ, ಒಲೆಯ ಹೊಗೆ, ಎಲೆ ಅಡಿಕೆ ಎಲ್ಲ ಬೆರೆತ ಒಂದು ವಾಸನೆಯಿತ್ತು. ಬೇಸರವಾದಾಗ ನಾನು ಇಳಿದು ಹೋಗಿ ಟ್ರಂಕು ತೆಗೆದು ಒಮ್ಮೆ ಮೂಸಿ ಬರುತ್ತಿದ್ದೆ. ಅದು ಇರಲಿಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಅವ್ವ ಎರಡನೇ ಸಲ ಹೋದಳು ಅನ್ನಿಸಿತು.

ಅಳುವ ಸದ್ದಿಗೆ ಅತ್ತೆ ಮೇಲಿನಿಂದ ಬಗ್ಗಿ ನೋಡಿದರು. ವಯಸ್ಸು ಎಂಬತ್ತರ ಹತ್ತಿರ, ಕಣ್ಣು ಕಿವಿ ಚುರುಕು, ಮೂಗು ಮಾತ್ರ ನಶ್ಯಕ್ಕೆ ಮುಡಿಪು.

"ಏನಾತ ಯವ್ವಾ? ಹಾವು ಗೀವು ಬಂತೇನು?"

"ವಾಸನಿ ನೋಡ್ರಿ ಅತ್ತಿ! ಎಲ್ಲಾ ಮುಗ್ಗಿ ಹೋಗೇತಿ."

ಅತ್ತೆ ಒಮ್ಮೆ ಉಸಿರೆಳೆದುಕೊಂಡು, "ನನಗ ಏನೂ ವಾಸನಿ ಬರವಲ್ದು. ತಂಪಿಗಂತ ತೆಗಿಸಿದ ಮನಿ, ತಂಪೈತಿ ಅಂತ ಅಳತಿಯಲ್ಲ" ಎಂದು ಹೊರಟುಹೋದರು.

ಸಂಜೆ ಯಜಮಾನರನ್ನು ಇಳಿಸಿದೆ. ಇವರದು ಗದಗಿನಲ್ಲಿ ಬೀಜ, ಗೊಬ್ಬರ, ಔಷಧಿಯ ಅಂಗಡಿ. ಹೊಂಬಳದ ಕಡೆಯ ರೈತರು ರೋಗ ಬಿದ್ದ ಎಲೆಯೊಂದನ್ನು ತಂದು ತೋರಿಸಿದರೆ ಇವರು ಕನ್ನಡಕ ಏರಿಸಿ, ಎಲೆಯನ್ನು ಬೆಳಕಿಗೆ ಹಿಡಿದು, ದೊಡ್ಡ ಡಾಕ್ಟರರ ಗತ್ತಿನಲ್ಲಿ ಬಾಟಲಿ ತೆಗೆದುಕೊಡುತ್ತಾರೆ. ನನ್ನ ಅವ್ವನ ಸೀರೆಯನ್ನೂ ಹಾಗೇ ಬೆಳಕಿಗೆ ಹಿಡಿದರು.

"ನನಗೇನೂ ವಾಸನಿ ಬರವಲ್ದು. ಆದ್ರ ಇದು ಫಂಗಸ್, ಖರೆ. ಶೇಂಗಾಕ್ಕ ಎಲಿಚುಕ್ಕಿ ರೋಗ ಬರತೈತಲ್ಲ, ಹಂಗ ಐತಿ."

"ಇದು ನಮ್ಮವ್ವನ ಸೀರಿ ರೀ. ಶೇಂಗಾ ಅಲ್ಲ."

"ರೋಗಕ್ಕ ಅದೇನ ಗೊತ್ತಿರತೈತಿ?"

ಮರುದಿನ ಅಂಗಡಿಯಿಂದ ಮೈಲುತುತ್ತ ತಂದು, ಸುಣ್ಣ ಕೂಡಿಸಿ, ಹೊಲಕ್ಕೆ ಔಷಧಿ ಹೊಡೆಯುವ ಪಂಪು ಬೆನ್ನಿಗೆ ಕಟ್ಟಿಕೊಂಡು, ಮೂಗಿಗೆ ಟವೆಲ್ಲು ಸುತ್ತಿಕೊಂಡು ನೆಲಮನೆಗೆ ಇಳಿದರು. ನಾಲ್ಕೂ ಗೋಡೆಗೆ ಸಾಲು ಹಿಡಿದು ಹೊಡೆದರು. ಮೂಲೆಗೆ ಬಂದಾಗ ಹೊಲದ ಬದುವಿಗೆ ಬಂದವರಂತೆ ತಿರುಗಿ ಮತ್ತೊಂದು ಸಾಲು ಹಿಡಿಯುತ್ತಿದ್ದರು. ಮುಗಿದ ಮೇಲೆ ನೋಡಿದರೆ ಇಡೀ ನೆಲಮನೆ ನೀಲಿ. "ಕೃಷ್ಣ ಪರಮಾತ್ಮನ ಮೈ ಬಣ್ಣ ಬಂದೈತಿ" ಎಂದು ಅತ್ತೆಗೆ ಸಂತೋಷ. ವಾರ ಕಳೆಯಿತು. ನೀಲಿಯ ಮೇಲೆ ಬಿಳಿ ಬೂಷ್ಟು ಇನ್ನೂ ಅಂದವಾಗಿ ಎದ್ದು ಕಾಣತೊಡಗಿತು.

ಆಮೇಲೆ ಟೇಬಲ್ ಫ್ಯಾನು ಇಳಿಯಿತು. ಅದು ಮುಗ್ಗಿದ ಗಾಳಿಯನ್ನು ಇದ್ದಲ್ಲೇ ಸುತ್ತಿಸಿತು, ಹೆಚ್ಚೇನೂ ಮಾಡಲಿಲ್ಲ. ಪಕ್ಕದ ಮನೆಯ ಚಾಚಿ ಲೋಬಾನ ಕೊಟ್ಟು ಕಳಿಸಿದರು. ಕೆಂಡದ ಮೇಲೆ ಹಾಕಿ ಬಾಗಿಲು ಮುಚ್ಚಿದರೆ ಹೊಗೆ ಕಿಂಡಿಯಿಂದ ಬೀದಿಗೆ ಹೋಗಿ, ಮನೆಗೆ ಬೆಂಕಿ ಬಿತ್ತೆಂದು ಓಣಿಯ ಮಂದಿ ಓಡಿ ಬಂದರು. ಬಂದವರ ಕೈಯಲ್ಲಿ ಒಂದು ತಂಬಿಗೆ ನೀರೂ ಇರಲಿಲ್ಲ ಅನ್ನುವುದನ್ನು ನಾನು ಗಮನಿಸಿದೆ. ತಪ್ಪಲ್ಲ ಬಿಡಿ, ನೀರು ಬಂದು ಆಗಲೇ ಒಂಬತ್ತು ದಿನವಾಗಿತ್ತು.

ಇಷ್ಟರಲ್ಲಿ ಮಗಳ ಕುಬಸದ, ಅಂದರೆ ಸೀಮಂತದ, ದಿನ ಗೊತ್ತುಮಾಡಲು ಮುಂಡರಗಿಯಿಂದ ಬೀಗತಿ ಬಂದರು. ಒಳ್ಳೆಯ ಹೆಂಗಸು, ಆದರೆ ಬಾಯಿಗೂ ಮನಸ್ಸಿಗೂ ನಡುವೆ ಬಾಗಿಲಿಲ್ಲ. ನಡುಮನೆಯಲ್ಲಿ ಕುಳಿತು ಅವಲಕ್ಕಿ ಬಾಯಿಗಿಟ್ಟವರು ತುತ್ತು ಹಾಗೇ ನಿಲ್ಲಿಸಿ ಮೂಗು ಅರಳಿಸಿದರು.

"ಏನವ್ವಾ ಬೀಗತಿ, ನಿಮ್ಮ ಮನ್ಯಾಗ ಹಸಿ ವಾಸನಿ ಐತಲ್ಲ?"

ಎರಡು ತಿಂಗಳಿಂದ ನಾನು ಕಾಯುತ್ತಿದ್ದುದು ಈ ಒಂದು ಮಾತಿಗೆ. ಲೋಕದಲ್ಲಿ ನನ್ನಂಥ ಮೂಗು ಇನ್ನೊಂದಿದೆ ಎಂದು ಗೊತ್ತಾಯಿತು. ಆದರೆ ಅದು ಇರಬಾರದ ಮುಖದ ಮೇಲಿತ್ತು. ನಾನು ಎದೆ ಗಟ್ಟಿ ಮಾಡಿಕೊಂಡು, "ಇಲ್ಲಲ್ರಿ, ನನಗೇನೂ ಬರವಲ್ದು" ಎಂದೆ. ಯಜಮಾನರು ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ.

ಬೀಗತಿ ಬಿಡಲಿಲ್ಲ. ಎದ್ದು ಗೋಡೆ ಮುಟ್ಟಿದರು. ಮಗಳ ಬಾಣಂತನಕ್ಕೆಂದು ನಾನು ತೆರವು ಮಾಡಿಟ್ಟಿದ್ದ ಕೋಣೆಗೆ ಹೋಗಿ ಅಲ್ಲಿಯ ಗೋಡೆಯನ್ನೂ ಮುಟ್ಟಿದರು. ನೆಲಮನೆಯ ಹಸಿ ಅಷ್ಟು ಹೊತ್ತಿಗೆ ಗೋಡೆ ಹಿಡಿದು ಮೇಲಕ್ಕೆ ಹತ್ತಿ, ಸುಣ್ಣ ಉಬ್ಬಿ ಹಪ್ಪಳವಾಗಿತ್ತು.

"ಬಾಣಂತಿಗೆ ಥಂಡಿ ಹತ್ತಿದ್ರ ಜಲಮ ಪೂರ್ತಿ ನರಳಬೇಕ್ರಿ. ದಸರಾಕ್ಕ ಮತ್ತ ಬಂದು ನೋಡ್ತೀನಿ. ಹಿಂಗ ಇದ್ರ ನಮ್ಮ ಮನ್ಯಾಗ ಬಾಣಂತನ ಮಾಡ್ಕೋತೀವಿ. ಮನಸಿಗೆ ಹಚ್ಚಿಕೋಬ್ಯಾಡ್ರಿ."

ಮನಸ್ಸಿಗೆ ಹಚ್ಚಿಕೊಳ್ಳದೆ ಇನ್ನೆಲ್ಲಿಗೆ ಹಚ್ಚಿಕೊಳ್ಳಲಿ? ಒಬ್ಬಳೇ ಮಗಳು. ಅವಳ ಚೊಚ್ಚಲ ಹೆರಿಗೆ ನನ್ನ ಕೈತಪ್ಪಿ ಹೋಗಬಾರದು, ಅವ್ವನ ಸೀರೆ ಟ್ರಂಕಿನಲ್ಲೇ ಕೊಳೆಯಬಾರದು. ಮರುದಿನವೇ ಗೌಂಡಿಯನ್ನು ಕರೆಸಿದೆ, ನೆಲಮನೆಯ ಗೋಡೆ ಕೆತ್ತಿಸಿ ಸಿಮೆಂಟು ಹಾಕಿಸೋಣವೆಂದು.

ಗೌಂಡಿ ಇಳಿದು, ಬ್ಯಾಟರಿ ಬಿಟ್ಟು, ಬೀದಿ ಕಡೆಯ ಮೂಲೆಯಲ್ಲಿ ನಿಂತು, "ಅಕ್ಕಾರ, ಇಲ್ಲೆ ನೀರು ನಿಂತೈತಿ" ಎಂದ. ಬೊಗಸೆಯಷ್ಟು ನೀರು, ತಿಳಿಯಾಗಿ, ಕಲ್ಲಿನ ಸಂದಿಯಿಂದ ಒಂದೊಂದೇ ಹನಿ ಒಸರಿ ನಿಂತಿತ್ತು. ಹಿಂದೆಯೇ ಇಳಿದಿದ್ದ ಅತ್ತೆ ಅದನ್ನು ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಮುಗಿದರು.

"ಯವ್ವಾ! ಗಂಗವ್ವ ಬಂದಾಳ!"

ಅಲ್ಲಿಗೆ ಗೌಂಡಿಯ ಕೆಲಸ ಮುಗಿಯಿತು. ಕೊಡ ಹೊತ್ತು ಬೀದಿ ಬೀದಿ ಅಲೆಯುವ ಈ ಊರಿನಲ್ಲಿ ಗಂಗವ್ವ ತಾನಾಗಿ, ಕೇಳದೆ, ನಲ್ಲಿಯ ಹಂಗಿಲ್ಲದೆ ಮನೆಯೊಳಗೆ ಬಂದರೆ ಅವಳ ಬಾಯಿಗೆ ಸಿಮೆಂಟು ಮೆತ್ತುವುದುಂಟೆ? ಅತ್ತೆ ಗೌಂಡಿಗೆ ಚಹಾ ಕುಡಿಸಿ, ಕೈಮುಗಿದು ಕಳಿಸಿದರು. ಅವನೂ ಹೋಗುವಾಗ ಆ ನೀರನ್ನು ಕಣ್ಣಿಗೊತ್ತಿಕೊಂಡು ಹೋದ.

ಶುಕ್ರವಾರ ಐದು ಮಂದಿ ಮುತ್ತೈದೆಯರು ಬಂದರು. ನೀಲಿ ಗೋಡೆಗೆ ಅರಿಶಿಣ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟು, ಕುಬಸದ ರವಿಕೆ ಕಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲಿನಿಂದ ಮೂಲೆಗೆ ಉಡಿ ತುಂಬಿದರು. ಮಗಳಿಗೆ ಉಡಿ ತುಂಬಲು ನಾನು ತಂದಿಟ್ಟಿದ್ದ ಕಣವೇ ಅದು. ಇಪ್ಪತ್ತು ಹೋಳಿಗೆ ತಟ್ಟಿದವಳೂ ನಾನೇ. ಚಾಚಿ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿ, "ಅಕ್ಕಾ, ಹಂಗ ನಮ್ಮ ಮನಿ ಕಡಿಗೂ ಒಂದೀಟು ಹಾದು ಹೋಗಾಕ ಹೇಳ್ರಲ್ಲ ನಿಮ್ಮ ಗಂಗವ್ವಗ" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಈಗಲೂ ಗೊತ್ತಿಲ್ಲ.

ಯಜಮಾನರಾದರೂ ನನ್ನ ಕಡೆ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಬೇರೆಯೇ ಹುಚ್ಚು ಹತ್ತಿತು. ನೆಲಮನೆಯಲ್ಲೇ ಬಾವಿ ತೋಡಿಸಿದರೆ? ಮೋಟಾರು ಕೂರಿಸಿದರೆ? ಓಣಿಗೆಲ್ಲ ನೀರು ಕೊಟ್ಟ ಪುಣ್ಯಾತ್ಮನೆಂದು ಜನ ಕೈಮುಗಿದರೆ? ಸೊರಟೂರಿನಿಂದ ನೀರು ನೋಡುವವರೊಬ್ಬರನ್ನು ಕರೆತಂದರು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ನಡೆಯುತ್ತಾರೆ, ಕೆಳಗೆ ನೀರಿದ್ದಲ್ಲಿ ಕಾಯಿ ಎದ್ದು ನಿಲ್ಲುತ್ತದೆ ಎಂದು ಪ್ರತೀತಿ. ನಮ್ಮ ನೆಲಮನೆಯಲ್ಲಿ ಅವರು ಅತ್ತ ಇತ್ತ ನಡೆದರು. ಮೂಲೆಗೆ ಬಂದಾಗ ಕಾಯಿ ನಿಂತೇಬಿಟ್ಟಿತು. ಅಂಗಾಲು ಒದ್ದೆಯಾಗುವಷ್ಟು ನೀರಿರುವಲ್ಲಿ ಕಾಯಿ ನಿಲ್ಲದೆ ಇನ್ನೇನು ಮಾಡೀತು ಎಂದು ನಾನು ಅನ್ನಲಿಲ್ಲ. ಅಂದುಕೊಂಡೆ ಅಷ್ಟೆ.

ಅವರು ಬೆರಳದ್ದಿ ನೀರನ್ನು ನಾಲಗೆಗೆ ಹಚ್ಚಿಕೊಂಡರು. ಮುಖ ಅರಳಿತು.

"ಸಿಹಿ ನೀರ್ರೀ ಯಜಮಾನ್ರ! ಈ ಓಣ್ಯಾಗ ಯಾವ ಬೋರ್ ಹೊಡದ್ರೂ ಸವಳು ಬರತೈತಿ. ಇದು ಹೊಳಿ ನೀರು ಇದ್ದಂಗ ಐತಿ. ಗುಡ್ಡದ ಕಡಿಂದ ಒಂದು ಸೆಲಿ ಹಾದು ಬಂದೈತಿ."

ಹೊಳೆ ನೀರಿನಂತಿದೆ ಎಂದಾಗಲೇ ನಮಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರೇ ಎಲ್ಲರೂ. ಆ ಸಂಜೆಯಿಂದ ನಮ್ಮ ಮನೆಗೆ ಗಂಗವ್ವನನ್ನು ನೋಡಲು ಮಂದಿ ಬರತೊಡಗಿದರು. ಚಪ್ಪಲಿ ಹೊರಗೆ ಬಿಟ್ಟು, ನೆಲಮನೆಗೆ ಇಳಿದು, ಮೂಗು ಮುಚ್ಚಿಕೊಂಡು ಕೈಮುಗಿದು ಹೋಗುತ್ತಿದ್ದರು. ಮುಚ್ಚಿಕೊಳ್ಳುವುದಕ್ಕೆ ಅವರಿಗೂ ಮೂಗಿದೆಯಲ್ಲ ಎಂದು ನಾನು ಅತ್ತೆಗೆ ತೋರಿಸಿದರೆ, "ಭಕ್ತಿಲೇ ಉಸಿರು ಬಿಗಿ ಹಿಡದಾರ" ಎಂದರು.

ದಸರೆ ಹತ್ತಿರವಾಗುತ್ತಿತ್ತು. ಬೂಷ್ಟು ಬಾಣಂತಿ ಕೋಣೆಯ ಕಿಟಕಿಯವರೆಗೆ ಹತ್ತಿತ್ತು. ಸೀರೆಗಳನ್ನು ಮೇಲೆ ತಂದು ಒಗೆದು ಹಾಕಿದ್ದೆ, ಜಿಟಿಜಿಟಿ ಮಳೆಯಲ್ಲಿ ಹಗ್ಗದ ಮೇಲೆ ಒಣಗದೆ ಮತ್ತೆ ಮುಗ್ಗಿದವು. ನನಗೆ ಗಂಗವ್ವನ ಮೇಲೆ ಸಿಟ್ಟು ಬಂದಿತ್ತು. ದೇವತೆಯ ಮೇಲೆ ಸಿಟ್ಟಾಗಬಾರದು ಎಂದು ತಿಳಿದಿದ್ದೂ ಬಂದಿತ್ತು.

ಹೀಗಿರುವಾಗ ಒಂದು ಶುಕ್ರವಾರ ಅತ್ತೆ ಪೂಜೆ ಮುಗಿಸಿ, ಮೂಲೆಯ ನೀರನ್ನು ಉದ್ಧರಣೆಯಲ್ಲಿ ತೆಗೆದು ನನ್ನ ಅಂಗೈಗೆ ತೀರ್ಥವೆಂದು ಹಾಕಿದರು. ಬಾಯಿಯ ಹತ್ತಿರ ತಂದೆ. ಮೂಗು ತಡೆಯಿತು. ಮುಗ್ಗಿದ ವಾಸನೆಯ ನಡುವೆ, ನೂಲಿನಂತೆ ಸಣ್ಣಗೆ, ಬೇರೆಯೊಂದು ವಾಸನೆ. ಗುರುತಿನದು. ಬ್ಲೀಚಿಂಗ್ ಪೌಡರ್!

ಹಿಂದಿನ ದಿನ ಯಜಮಾನರು ಅಂಗಳದ ಸಂಪಿನ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು. ಸಂಪು ಎಂದರೆ ನಮ್ಮ ನೆಲದೊಳಗಿನ ನೀರಿನ ತೊಟ್ಟಿ. ನಲ್ಲಿಯ ನೀರನ್ನೆಲ್ಲ ಅದರಲ್ಲಿ ತುಂಬಿಸಿ, ಮುಚ್ಚಳಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಜನಿವಾರದಂತೆ ಕಾಪಾಡಿಕೊಂಡು ವಾರವಿಡೀ ಬಳಸುತ್ತೇವೆ. ಅದನ್ನು ಕಟ್ಟಿಸಿದವರು ಯಜಮಾನರೇ, ಖುದ್ದು ಕುರ್ಚಿ ಹಾಕಿಕೊಂಡು ಕುಳಿತು. ನಾನು ತೀರ್ಥವನ್ನು ಅಂಗೈಯಲ್ಲೇ ಹಿಡಿದುಕೊಂಡು ಅಂಗಳಕ್ಕೆ ಹೋದೆ. ಸಂಪು ಎಲ್ಲಿದೆ ಎಂದು ನೋಡಿದೆ. ಹೆಜ್ಜೆ ಹಾಕಿ ನೋಡಿದೆ. ಸಂಪಿನ ಗೋಡೆಯೂ ನೆಲಮನೆಯ ಆ ಮೂಲೆಯೂ ಅಣ್ಣತಮ್ಮಂದಿರ ಮನೆಗಳಂತೆ ಬೆನ್ನಿಗೆ ಬೆನ್ನು ಹಚ್ಚಿದ್ದವು. ನಮ್ಮ ನೆಲವೋ ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಜಗ್ಗಾಟಕ್ಕೆ ಸಂಪು ಎಲ್ಲೋ ಸೀಳಿತ್ತು. ಸೊರಟೂರಿನವರು ಹೇಳಿದ ಹೊಳೆ ನೀರು ನಮ್ಮ ನಲ್ಲಿಯದೇ.

ಅಂದರೆ ನಾವು ಹಗಲೆಲ್ಲ ಜಗಳಾಡಿ, ವಾರಗಟ್ಟಲೆ ಕಾದು, ಕೊಡಕ್ಕೆ ಕೊಡ ಎಣಿಸಿ ಕೂಡಿಟ್ಟ ನೀರಿಗೇ ಉಡಿ ತುಂಬಿದ್ದೆವು.

ಒಳಗೆ ಬಂದು ಹೇಳಿದೆ. ಯಜಮಾನರು ನಕ್ಕರು. ಸಂಪು ಸೋರುವುದುಂಟೆ, ತಾವೇ ನಿಂತು ಕಟ್ಟಿಸಿದ್ದು, ಅದೂ ಅಲ್ಲದೆ ಕಾಯಿ ಎದ್ದು ನಿಂತದ್ದನ್ನು ಕಣ್ಣಾರೆ ನೋಡಿದ್ದಾರೆ. ಅತ್ತೆ ನಗಲಿಲ್ಲ.

"ಗಂಗವ್ವನ್ನ ಅನುಮಾನಿಸಬ್ಯಾಡ. ಬಸರಿ ಮಗಳ್ನ ಇಟ್ಟುಕೊಂಡು ಇಂಥಾ ಮಾತು ಆಡತಾರೇನು?"

ಆ ಮಾತು ನನಗೆ ನಾಟಿತು. ಹೆದರಿಕೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೀಗತಿ ಬರುವ ದಿನವೂ ಕಣ್ಣ ಮುಂದಿತ್ತು. ಎರಡು ಹೆದರಿಕೆಗಳಲ್ಲಿ ದೊಡ್ಡದು ಯಾವುದು ಎಂದು ತೂಗಿ ನೋಡಿದೆ. ಬೀಗತಿಯೇ ದೊಡ್ಡವಳು.

ಮುಂದಿನ ಸಲ ನಲ್ಲಿಗೆ ನೀರು ಬಂದ ದಿನ ನಮ್ಮ ಸಂಪಿಗೆ ನೀರು ಬಿಡಲಿಲ್ಲ. ಸಂಪಿನ ಕೊಳವೆಯ ಬಾಯಿಗೆ ಚಿಂದಿ ತುರುಕಿ, ಮುಚ್ಚಳದ ಮೇಲೆ ನಾನೇ ಕುಳಿತೆ. ತಳದಲ್ಲಿ ಉಳಿದಿದ್ದ ನೀರನ್ನೂ ಮುಂಚೆಯೇ ತೋಡಿಟ್ಟಿದ್ದೆ. ಡ್ರಮ್ಮು, ಹಂಡೆ, ಬಕೆಟ್ಟು ತುಂಬಿದವು, ಮಿಕ್ಕದ್ದು ಚಾಚಿಯ ಮನೆಗೆ ಹೋಯಿತು. ಬಂದ ನೀರನ್ನು ಸಂಪಿಗೆ ಬಿಡದೆ ಪಕ್ಕದ ಮನೆಗೆ ಕೊಡುವ ಹೆಂಗಸನ್ನು ಬೆಟಗೇರಿ ಅಂದೇ ಮೊದಲು ನೋಡಿದ್ದು. ಓಣಿಯವರು ನನ್ನ ತಲೆ ನೆಟ್ಟಗಿದೆಯೇ ಎಂದು ಯಜಮಾನರನ್ನೇ ಕೇಳಿದರು. ಇವರು ನನ್ನ ಕೂಡ ಮಾತು ಬಿಟ್ಟಿದ್ದರು. ಮಿರ್ಚಿ ತಿಂದು ಬಂದು ಎದುರಿಗೇ ಉಸಿರು ಬಿಟ್ಟು ಹೋಗುತ್ತಿದ್ದರು.

ನಾಲ್ಕೈದು ದಿನ ಕಳೆದವು. ಮೂಲೆಯ ನೀರು ಬೊಗಸೆಯಿಂದ ಚಮಚಕ್ಕೆ ಇಳಿಯಿತು, ಚಮಚದಿಂದ ಬರೀ ಒದ್ದೆಗೆ, ಒದ್ದೆಯಿಂದ ಕಲೆಗೆ. ಅತ್ತೆ ದಿನವೂ ಇಳಿದು ನೋಡಿ ಮೇಲೆ ಬಂದು ನಶ್ಯ ಏರಿಸುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಮೂಲೆ ಪೂರ್ತಿ ಒಣಗಿ, ಕುಂಕುಮ ಪುಡಿಪುಡಿಯಾಗಿ ಉದುರಿತ್ತು. ಅತ್ತೆ ಬಹಳ ಹೊತ್ತು ಅಲ್ಲೇ ನಿಂತಿದ್ದರು. ನಾನು ಗೆದ್ದವಳಂತೆ ಮೆಟ್ಟಿಲ ಮೇಲೆ ನಿಂತಿದ್ದೆ. ಆದರೆ ಅವರ ಬೆನ್ನು ನೋಡಿ ಗೆಲುವು ಸಪ್ಪೆಯಾಯಿತು. ಅವರು ಹರೆಯದಲ್ಲಿ ಎಷ್ಟು ದೂರದಿಂದ ಕೊಡ ಹೊತ್ತು ತಂದವರೆಂದು ನನಗೆ ಗೊತ್ತು.

ಅತ್ತೆ ತಿರುಗಿದರು. 

"ಅಲ್ಲ, ನಳದಾಗ ಬಂದಾಕಿ ಏನು ಗಂಗವ್ವ ಅಲ್ಲೇನು? ಪೂಜಿ ಏನೂ ತಪ್ಪಿಲ್ಲ. ಜಾಗಾ ತಪ್ಪಿತ್ತು. ಆ ಗೌಂಡಿನ ಕರಿ."

ಗೌಂಡಿ ಬಂದ. ಸಂಪಿಗಿಳಿದು ಸೀಳನ್ನು ತುಂಬಿದ, ಒಳಗೆಲ್ಲ ಹೊಸದಾಗಿ ಸಿಮೆಂಟು ಸವರಿದ. ಕೆಲಸ ಮುಗಿದ ದಿನ ಅತ್ತೆ ಐದು ಮಂದಿ ಮುತ್ತೈದೆಯರನ್ನು ಮತ್ತೆ ಕರೆದು ಈ ಸಲ ಸಂಪಿನ ಮುಚ್ಚಳಕ್ಕೆ ಉಡಿ ತುಂಬಿಸಿದರು. ಮತ್ತೆ ಇಪ್ಪತ್ತು ಹೋಳಿಗೆ ತಟ್ಟಿದವಳು ಯಾರೆಂದು ಹೇಳಬೇಕಾಗಿಲ್ಲ. ಯಜಮಾನರು ಹೋಳಿಗೆ ತಿನ್ನುವಾಗ ಮಾತು ಬಿಟ್ಟಿದ್ದನ್ನು ಮರೆತು, "ತುಪ್ಪ ಹಾಕು" ಎಂದರು. ಅಲ್ಲಿಗೆ ಜಗಳ ಮುಗಿಯಿತು. ಸೊರಟೂರಿನವರಿಗೆ ಮಾತ್ರ ಇವತ್ತಿಗೂ ಖಬರ ಕೊಟ್ಟಿಲ್ಲ.

ಮಳೆಯೂ ಹಿಂದೆಗೆಯಿತು. ನಮ್ಮ ಕಡೆಯ ಬಿಸಿಲು, ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿ, ಎರಡೂ ಕೂಡಿದರೆ ಹಪ್ಪಳ ಒಂದು ತಾಸಿನಲ್ಲಿ ಒಣಗುತ್ತದೆ. ಗೋಡೆಯ ಬೂಷ್ಟನ್ನು ತಿಕ್ಕಿ ತೆಗೆದು, ಸುಣ್ಣ ಹೊಡೆಸಿ, ಬಾಗಿಲು ಕಿಂಡಿ ತೆರೆದಿಟ್ಟೆ. ಸೀರೆಗಳನ್ನು ಅಂಟವಾಳ ಕಾಯಿಯ ನೊರೆಯಲ್ಲಿ ಒಗೆದು ಮಾಳಿಗೆಯ ಮೇಲೆ ಹರವಿದೆ. ಚುಕ್ಕೆಗಳು ಹೋದವು, ಒಂದು ಸೀರೆಯದು ಬಿಟ್ಟು. ಮುಗ್ಗಿದ ವಾಸನೆ ಹೋಯಿತು. ಅವ್ವನ ವಾಸನೆಯೂ ಅದರ ಜೊತೆಗೇ ಹೋಯಿತು. ಒಂದೊಂದೇ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ನೋಡಿದೆ. ಬರೀ ಬಿಸಿಲು. ಊರಿಗೆಲ್ಲ ಹೆಸರಾದ ಮೂಗು ಇಟ್ಟುಕೊಂಡು ಏನು ಮಾಡುವುದು, ಬೇಕಾದದ್ದೇ ಸಿಗದಿದ್ದರೆ?

ದಸರೆಗೆ ಬೀಗತಿ ಬಂದರು. ಬಾಣಂತಿ ಕೋಣೆಯ ಗೋಡೆ ಮುಟ್ಟಿದರು, ಮೂಸಿದರು, ನೆಲಮನೆಗೂ ಇಳಿದರು. ಸುಣ್ಣದ ಅಡಿಯಿಂದ ಇಣುಕುತ್ತಿದ್ದ ನೀಲಿ ನೋಡಿ, "ಭಾಳ ಚಂದ ಬಣ್ಣ ಹಚ್ಚಿಸೀರಿ" ಎಂದರು. ಮುಂದಿನ ವಾರ ಮಗಳು ತವರಿಗೆ ಬಂದಳು.

ಕೌದಿಗೆ ಕುಳಿತೆವು. ಅತ್ತೆ, ನಾನು, ಚಾಚಿ. ಚುಕ್ಕೆ ಹೋಗದ ಸೀರೆಯನ್ನು ನಾನು ಪಕ್ಕಕ್ಕೆ ಇಟ್ಟಿದ್ದೆ. ಮಗಳು ಅದನ್ನೇ ಎತ್ತಿ ನಡುವಿನ ಪದರಕ್ಕೆ ಹಾಸಿದಳು. "ಆಯಿ ಸಂತಿಗೆ ಉಡತಿದ್ದ ಸೀರಿ ಇದು. ಇದನ್ನ ಬಿಟ್ರ ಹೆಂಗವ್ವಾ?" ಎಂದಳು. ಅಂಚು ಮುಚ್ಚುವ ಮುಂಚೆ ಅತ್ತೆ ಅಡಿಗೆ ಮನೆಗೆ ಹೋಗಿ ಒಂದು ಚೂರು ಹೋಳಿಗೆ ಹಿಡಿದುಕೊಂಡು ಬಂದರು. ನಮ್ಮಲ್ಲಿ ಹಾಗೊಂದು ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಬಿಡಬಾರದು, ಮೂಲೆಯಲ್ಲಿ ಒಂದಿಷ್ಟು ತಿನಿಸು ಇಟ್ಟು ಹೊಲಿಯಬೇಕು, ಹೊದ್ದವರು ಹಸಿದು ಮಲಗುವುದಿಲ್ಲ. ನಾನು ಸೂಜಿ ಹಿಡಿದ ಕೈಯನ್ನೇ ಅಡ್ಡ ಇಟ್ಟೆ.

"ಹೋಳಿಗಿ ಒಳಗಿಟ್ರ ನಾಕ ದಿನಕ್ಕ ಬೂಷ್ಟು ಬರತೈತ್ರಿ ಅತ್ತಿ! ನಾ ಸತ್ತರೂ ಬಿಡಂಗಿಲ್ಲ."

"ಹಸದ ಕೌದಿ ಹೊಚ್ಚತಿಯೇನು ಮೊಮ್ಮಗಗ?"

ಸೂಜಿ ನಿಂತಿತು, ಚಹಾ ಆರಿತು. ಚಾಚಿ ರಾಜಿ ಮಾಡಿಸಿದರು. ಚೆನ್ನಾಗಿ ಒಣಗಿದ ನಾಲ್ಕು ಬಿಳಿಜೋಳದ ಕಾಳನ್ನು ಮೂಲೆಗೆ ಹಾಕಿ ಹೊಲಿದೆವು. ಒಣಗಿದೆಯೋ ಇಲ್ಲವೋ ಎಂದು ಒಂದನ್ನು ನಾನು ಹಲ್ಲಿನಲ್ಲಿ ಕಡಿದು ನೋಡಿದ್ದೆ.

ದೀಪಾವಳಿ ಕಳೆದು ಮಗಳಿಗೆ ಸಿಸೇರಿಯನ್ ಹೆರಿಗೆಯಾಯಿತು. ಹೆಣ್ಣುಕೂಸು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ನಾನು ಕೌದಿಯನ್ನು ಮತ್ತೊಮ್ಮೆ ಬಿಸಿಲಿಗೆ ಹಾಕಿ, ಕೆನ್ನೆಗೆ ಹಚ್ಚಿ ಪರೀಕ್ಷೆ ಮಾಡಿ, ಬಾಣಂತಿ ಕೋಣೆಯಲ್ಲಿ ಹಾಸಿದೆ. ಅದರಷ್ಟು ಒಣಗಿದ ವಸ್ತು ಇಡೀ ಬೆಟಗೇರಿಯಲ್ಲಿ ಇರಲಿಲ್ಲ. ಬೀಗತಿಯೂ ಇದ್ದರು, ಯಜಮಾನರೂ ಬಾಗಿಲಲ್ಲಿ ನಿಂತಿದ್ದರು. ಕೂಸನ್ನು ನಿಧಾನವಾಗಿ ಅದರ ಮೇಲೆ ಮಲಗಿಸಿದೆ.

ಕೂಸು ಒಮ್ಮೆ ಮುಖ ಕಿವುಚಿ, ಕಾಲು ಝಾಡಿಸಿ, ಕೌದಿಯನ್ನು ಪೂರ್ತಿ ತೋಯಿಸಿಬಿಟ್ಟಿತು.

 ಎಲ್ಲರೂ ನನ್ನ ಮುಖ ನೋಡಿದರು. ಯಜಮಾನರು ಟೇಬಲ್ ಫ್ಯಾನು ತರಲು ಓಡಿದರು. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಮುಗಿದರು.

"ಬಂದ್ಳು ನೋಡ್ರಿ ನಮ್ಮ ಗಂಗವ್ವ!"

ನಕ್ಕು ನಕ್ಕು ಮಗಳಿಗೆ ಹೊಲಿಗೆ ಹಾಕಿದ ಹೊಟ್ಟೆ ನೋಯಿತು. ನಾನು ಕೌದಿಯನ್ನು ಎತ್ತಿಕೊಂಡು ಮಾಳಿಗೆಗೆ ಹೋಗಿ ಹಗ್ಗದ ಮೇಲೆ ಹಾಕಿದೆ. ಸಂಜೆ ತೆಗೆಯುವಾಗ, ಯಾರೂ ಇಲ್ಲದ್ದನ್ನು ನೋಡಿಕೊಂಡು, ಮುಖ ಒತ್ತಿ ಮೂಸಿದೆ. ಬಿಸಿಲು, ಒಂದಿಷ್ಟು ಹಾಲು, ಒಂದಿಷ್ಟು ಕೂಸಿನ ಉಚ್ಚೆ. ಅವ್ವನ ಸೀರೆಗೆ ಮತ್ತೆ ಮನುಷ್ಯರ ವಾಸನೆ ಬಂದಿತ್ತು.

ಕೆಳಗೆ ಬಂದಾಗ ಬೀಗತಿ ಮೂಗು ಅರಳಿಸಿದರು. "ಒಗದಿಲ್ಲೇನವ್ವಾ ಅದನ್ನ? ವಾಸನಿ ಬರಾಕತ್ತೈತಲ್ಲ?"

ನಾನು ಕೌದಿಯನ್ನು ಎದೆಗೆ ಇನ್ನಷ್ಟು ಅವುಚಿಕೊಂಡೆ.

"ನನಗ ಏನೂ ವಾಸನಿ ಬರವಲ್ದು" ಎಂದೆ.